ಹೆಸರುಗಾರರ ದಿನದ ಮೂರನೇ ನಿಯಮ

ಮೂರನೇ ನಿಯಮವನ್ನು ಬರೆದವನು ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಮೊದಲೆರಡು ನಿಯಮಗಳಿಂದ ಯಾರ ಕೂದಲೂ ಕೊಂಕಲಿಲ್ಲ. ಮೂರನೆಯದು ನಮ್ಮ ಮಾವನವರ ಜೀವಕ್ಕೇ ಬಂತು. ನಡಾವಳಿ ಪುಸ್ತಕದಲ್ಲಿ ಅದು ಈಗಲೂ ಇದೆ, ನನ್ನದೇ ದುಂಡು ಅಕ್ಷರದಲ್ಲಿ, ಮೈಮೇಲೆ ಒಂದು ಅಡ್ಡಗೆರೆ ಹೊಡೆಸಿಕೊಂಡು.

ಮೊದಲು ಹೆಸರಿನ ವಿಷಯ. ನಮ್ಮ ಸೀಮೆಯಲ್ಲಿ ಒಬ್ಬ ದೇವರಿದ್ದಾನೆ. ಹರಕೆ ಹೊತ್ತು ಹುಟ್ಟಿದ ಗಂಡುಮಕ್ಕಳಿಗೆಲ್ಲ ಅವನದೇ ಹೆಸರು. ಹರಕೆ ಹೊರದೆ ಹುಟ್ಟಿದವರಿಗೂ ಅದೇ, ಮುಂಜಾಗ್ರತೆಗೆ. ಚಳ್ಳಕೆರೆಯ ಮಾರುಕಟ್ಟೆಯಲ್ಲಿ ನಿಂತು ಆ ಹೆಸರು ಕೂಗಿದರೆ ಮೂರು ಅಂಗಡಿಗಳ ತಕ್ಕಡಿಗಳು ನಿಲ್ಲುತ್ತವೆ, ಒಂದು ಲಾರಿ ಬ್ರೇಕು ಹಾಕುತ್ತದೆ.

ಆ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ನನ್ನ ಬರಹವನ್ನು ಶುದ್ಧಪ್ರತಿ ಮಾಡಿಕೊಡುವವಳು ನನ್ನ ಹೆಂಡತಿ. ಹೆಸರು ನನ್ನದಾದ್ದರಿಂದ ಅವಳು ಅದನ್ನು ಬಾಯಿಂದ ಹೇಳುವುದಿಲ್ಲ, ಕೈಯಿಂದ ಬರೆಯುವುದೂ ಇಲ್ಲ. ಅವಳ ಗ್ರಹಚಾರಕ್ಕೆ ಅದು ಅವಳ ತಂದೆಯ ಹೆಸರೂ ಹೌದು. ಶಾಲೆಯಲ್ಲಿ ಮೇಷ್ಟ್ರು ಕೇಳಿದರೆ ತಂದೆಯ ಹೆಸರನ್ನು ಪಟ್ಟನೆ ಹೇಳುತ್ತಿದ್ದ ಹುಡುಗಿ, ಕೊರಳಿಗೆ ತಾಳಿ ಬಿದ್ದ ಗಳಿಗೆಯಿಂದ ಹೇಳುವ ಹಕ್ಕು ಕಳೆದುಕೊಂಡಳು. ನಮ್ಮ ಅತ್ತೆಯ ಕಷ್ಟವೂ ಅದೇ. ಗಂಡನನ್ನೂ ಕರೆಯುವಂತಿಲ್ಲ, ಅಳಿಯನನ್ನೂ ಕರೆಯುವಂತಿಲ್ಲ. ಒಂದೇ ಹೆಸರಿನಿಂದ ತಾಯಿ ಮಗಳು ಇಬ್ಬರ ಬಾಯಿ ಕಟ್ಟಿಸಿದ ಕೀರ್ತಿ ನಮ್ಮದು.

ಒಂದು ಹೆಸರಿಗೆ ಇಷ್ಟು ಜನ ಇದ್ದ ಮೇಲೆ ಗುರುತಿಗೆ ಒಂದೊಂದು ಬಾಲ ಬೇಕೇ ಬೇಕು. ಮೀಸೆ, ಗಾಣ, ಸೈಕಲ್ಲು, ಎರಡು ಮನೆ, ಹೀಗೆ. ನಾನು ಎಣ್ಣೆ ಮಿಲ್ಲೊಂದರಲ್ಲಿ ಗುಮಾಸ್ತ. ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಳ್ಳುವ ಅಭ್ಯಾಸವಿದ್ದುದರಿಂದ ನಾನು ಪೆನ್ನು. ಕಾಲಕ್ರಮೇಣ ಹೆಸರು ಉದುರಿ ಬಾಲವೊಂದೇ ಉಳಿಯುತ್ತದೆ. ಒಮ್ಮೆ ನಮ್ಮ ಮನೆಗೆ ಬಂದ ಮದುವೆಯ ಕರೆಯೋಲೆಯ ಮೇಲೆ ‘ಶ್ರೀ ಪೆನ್ನು ಮತ್ತು ಕುಟುಂಬದವರಿಗೆ’ ಎಂದು ಬರೆದಿತ್ತು.

ಆ ಕರೆಯೋಲೆಯೇ ಮೂಲ. ತೊಂಬತ್ತರ ದಶಕದ ನಡುವಿನ ಒಂದು ಸಂಜೆ, ಮಿಲ್ಲಿನ ಎದುರಿನ ಹೋಟೆಲಿನಲ್ಲಿ, ಮಂಡಕ್ಕಿ ಮಿರ್ಚಿಯ ಸನ್ನಿಧಿಯಲ್ಲಿ, ನಾವು ಐದು ಮಂದಿ ಸೇರಿ ವರ್ಷಕ್ಕೊಂದು ದಿನ ನಮ್ಮ ಹೆಸರನ್ನು ನಾವು ವಾಪಸು ಪಡೆಯತಕ್ಕದ್ದೆಂದು ತೀರ್ಮಾನಿಸಿದೆವು. ಅದನ್ನು ಹೆಸರುಗಾರರ ದಿನ ಎಂದು ಕರೆದೆವು. ಒಂದನೇ ನಿಯಮ: ಆ ದಿನ ಬಾಲ ಹಿಡಿದು ಯಾರನ್ನೂ ಕರೆಯಕೂಡದು. ಎರಡನೇ ನಿಯಮ: ಅಣ್ಣ, ಮಾವ, ಸಾಹುಕಾರ್ರೇ ಇತ್ಯಾದಿ ಕೂಡದು, ಹಿರಿಯರಿಗೂ ಕಿರಿಯರಿಗೂ ಬರೀ ಹೆಸರು. ಒಟ್ಟಿಗೆ ಊಟ, ಎರಡು ಭಾಷಣ, ಮನೆಗೆ. ಎರಡು ವರ್ಷ ಚಳ್ಳಕೆರೆಯಲ್ಲಿ ಸಾಂಗವಾಗಿ ನಡೆಯಿತು.

ಮೂರನೇ ವರ್ಷಕ್ಕೆ ನಮ್ಮ ಮಾವನವರು ಹಿರಿತನದ ಮೇಲೆ ಅಧ್ಯಕ್ಷರಾದರು. ಕಾರ್ಯದರ್ಶಿ ಮೊದಲಿನಿಂದಲೂ ನಾನೇ. ಅವರದು ಮೊಳಕಾಲ್ಮೂರು. ಮನೆಯಲ್ಲೇ ನಾಲ್ಕು ರೇಷ್ಮೆ ಮಗ್ಗ; ಆದ್ದರಿಂದ ಅವರ ಬಾಲ ಮಗ್ಗ. ತಯಾರಿಯ ಸಭೆಗೆಂದು ಚಳ್ಳಕೆರೆಗೆ ಬಂದಿದ್ದವರು, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಇದ್ದಕ್ಕಿದ್ದಂತೆ ಕೇಳಿದರು.

“ಅಳಿಯಂದ್ರೇ, ನನ್ನನ್ನ ಹೆಸರು ಹಿಡಿದು ಕರೆಯೋರು ಈಗ ಯಾರವ್ರೆ ಹೇಳ್ರಿ? ನಮ್ಮವ್ವ ಹೋದ್ಳು. ನಮ್ಮಣ್ಣ ಹೋದ. ಮಕ್ಕಳಿಗೆ ಅಪ್ಪ, ನಿಮಗೆ ಮಾವ, ಊರಿಗೆ ಮಗ್ಗ. ಬ್ಯಾಂಕಿನಾಗೆ ಒಬ್ಬ ಕೂಗ್ತಾನೆ, ಅಲ್ಲೂ ನಾಕು ಜನ ಎದ್ದು ನಿಲ್ತಾರೆ.”

“ಅತ್ತೆ ಏನಂತ ಕರೀತಾರೆ ಮಾವ?”

“ಚಿಲಕ ಅಲ್ಲಾಡಿಸ್ತಾಳೆ. ನಲವತ್ತು ವರ್ಸದಿಂದ ಚಿಲಕ. ಒಂದ್ಸಲ ಆ ಬಾಯಾಗೆ ನನ್ನ ಹೆಸರು ಕೇಳಿ ಸಾಯ್ಬೇಕು ಅಂತ ಐತೆ ನೋಡ್ರಿ.”

ನಗುತ್ತಲೇ ಹೇಳಿದರು. ನಾನೂ ನಕ್ಕೆ. ನಕ್ಕವನು ಸುಮ್ಮನಿರದೆ ಅಂದೇ ಸಭೆಯಲ್ಲಿ ಮೂರನೇ ನಿಯಮ ಮಂಡಿಸಿದೆ: “ಆ ದಿನ ಹೆಸರುಗಾರನ ಮನೆಯವರು, ಹೆಂಡತಿಯನ್ನೂ ಒಳಗೊಂಡು, ಅವನನ್ನು ಹೆಸರು ಹಿಡಿದು ಊಟಕ್ಕೆ ಕರೆಯತಕ್ಕದ್ದು. ಹಾಗೆ ಕರೆಯುವ ತನಕ ಅವನು ಎಲೆಯ ಮುಂದೆ ಕೂರತಕ್ಕದ್ದಲ್ಲ.” ಎರಡನೇ ವಾಕ್ಯವನ್ನು ಲಯಕ್ಕೋಸ್ಕರ ಸೇರಿಸಿದೆ. ಗುಮಾಸ್ತರ ಕೈಗೆ ಲಯ ಸಿಗಬಾರದು.

ಇನ್ನೊಂದು ಸಂಗತಿ ಆಗ ನನ್ನ ತಲೆಗೆ ಹೊಳೆಯಲಿಲ್ಲ. ಆ ವರ್ಷವೇ ಮಾವನವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗಿತ್ತು. ಗೊತ್ತಿದ್ದದ್ದು ಮನೆಯವರಿಗೆ ಮಾತ್ರ. ನೇಯುವವನ ಕೈ ನಡುಗುತ್ತದೆಂದು ಊರಿಗೆ ಸುದ್ದಿಯಾದರೆ ಸೀರೆ ಕೊಳ್ಳುವವರು ಎಳೆ ಎಳೆ ತಡವಿ ನೋಡುತ್ತಾರೆಂದು ನಮ್ಮೆಲ್ಲರಿಂದ ಆಣೆ ಹಾಕಿಸಿಕೊಂಡಿದ್ದರು. ಡಾಕ್ಟರು ನನ್ನೆದುರಿಗೇ ಬೆರಳು ತೋರಿಸಿ ಹೇಳಿದ್ದರು: ಮಾತ್ರೆ ನುಂಗಿದ ಮೇಲೆ ಉಣ್ಣದೆ ಇರಬಾರದು, ಇದ್ದರೆ ಬೆವರು, ನಡುಕ, ಆಮೇಲೆ ಬುದ್ಧಿ ಮಂಕು, ಆಮೇಲೆ ನೆಲ.

ಆ ವರ್ಷದ ಹೆಸರುಗಾರರ ದಿನ ಭಾನುವಾರ ಬಿತ್ತು, ಜಾಗ ಮೊಳಕಾಲ್ಮೂರು. ಚಳ್ಳಕೆರೆಯಿಂದ ಹೊರಟ ಬಸ್ಸಿಗೆ ಬಿ.ಜಿ. ಕೆರೆಯಲ್ಲಿ ನಾಲ್ಕು ಜನ ಹೆಸರುಗಾರರು ಹತ್ತಿದರು. ದೇವಸಮುದ್ರದವರು ಇನ್ನೊಂದು ಬಸ್ಸಿನಲ್ಲಿ ಬಂದರು. ರಾಯದುರ್ಗದ ಕಡೆಯಿಂದಲೂ ಇಬ್ಬರು. ಮೂರನೇ ನಿಯಮದ ದೆಸೆಯಿಂದ ಎಲ್ಲರೂ ಹೆಂಡಿರ ಸಮೇತ. ಒಟ್ಟು ಮೂವತ್ತೆರಡು ಗಂಡಸರು, ಒಂದೇ ಹೆಸರು. ಮಾವನವರ ಮನೆಯ ಮುಂದೆ ಚಪ್ಪರ. ಒಳಗೆ ಶೇಂಗಾ ಹೋಳಿಗೆಯ ವಾಸನೆ. ಮಾವನವರು ಜಗಲಿಯ ಮೇಲೆ ಮೈಸೂರು ಪೇಟ ಸುತ್ತಿಕೊಂಡು ಕೂತಿದ್ದರು. ಎರಡನೇ ನಿಯಮದಂತೆ ನಾನು ಅವರನ್ನು ಬರೀ ಹೆಸರಿನಿಂದ ಕರೆದು ನಮಸ್ಕರಿಸಬೇಕಾಯಿತು. ಕರೆದೆ. ನನ್ನ ಕಾಲ್ಬೆರಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

“ಜೋರಾಗಿ!” ಎಂದರು ಅಧ್ಯಕ್ಷರು.

ಹನ್ನೆರಡೂವರೆಗೆ ಎಲೆ ಹಾಕಿದರು. ಕರೆಯುವ ಶಾಸ್ತ್ರ ಶುರುವಾಯಿತು. ಹೆಂಗಸರು ಒಬ್ಬೊಬ್ಬರಾಗಿ ಹೊಸ್ತಿಲ ಒಳಗೆ ನಿಂತು ಕರೆಯುವುದು, ಕರೆಸಿಕೊಂಡವನು ಎದ್ದು ತನ್ನ ಎಲೆಯ ಹಿಂದೆ ನಿಲ್ಲುವುದು. ಮೀಸೆಯ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂಗಿ ಒಳಗೆ ಓಡಿದಳು. ಎರಡು ಮನೆಯವನಿಗೆ ಎಡದಿಂದ ಒಂದು, ಬಲದಿಂದ ಒಂದು ಕೂಗು ಒಟ್ಟಿಗೇ ಬಿದ್ದು, ಅವನು ಯಾವ ಕಡೆಗೂ ತಿರುಗದೆ ನೆಲ ನೋಡುತ್ತ ನಿಂತ. ನನ್ನ ಹೆಂಡತಿ ನನ್ನ ಮರ್ಯಾದೆ ಉಳಿಸಲೆಂದು ಗೋಡೆಯ ಕಡೆ ಮುಖ ಮಾಡಿ, ಬೇವಿನ ಕಷಾಯ ಕುಡಿದವಳಂತೆ ಒಂದು ಸಲ ಅಂದಳು. ಅದೇ ಮೊದಲು, ಅದೇ ಕೊನೆ.

ಉಳಿದದ್ದು ಅತ್ತೆಯವರ ಸರದಿ. ಬಾಗಿಲ ಹಿಂದಿನಿಂದ ಚಿಲಕದ ಸದ್ದು ಕೇಳಿಸಿತು.

ಚಪ್ಪರವೆಲ್ಲ ನಕ್ಕಿತು. ಮಾವನವರು ಅಲುಗಾಡಲಿಲ್ಲ. “ಚಿಲಕ ನಡಿಯಾಕಿಲ್ಲ. ಇವತ್ತು ರೂಲು ಐತೆ.”

ಹಿರಿಯರು ಕೂರದೆ ಉಳಿದವರು ಕೂರುವಂತಿಲ್ಲ. ಮೂವತ್ತೊಂದು ಜನ ಎಲೆಗಳ ಹಿಂದೆ ನಿಂತು ಹೋಳಿಗೆ ನೋಡುತ್ತಿದ್ದರು. ಅಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದ ಕಣ್ಣಿನಲ್ಲೇ ಕರೆದಳು.

ಅಡುಗೆಮನೆಯಲ್ಲಿ ಅತ್ತೆ ಒಂದು ತಟ್ಟೆ ಹಿಡಿದು ನಿಂತಿದ್ದರು. ತಟ್ಟೆಯಲ್ಲಿ ಎರಡು ರೊಟ್ಟಿ, ಒಣಗಿ ಅಂಚು ಮುರುಟಿದ್ದವು.

“ನೋಡ್ರಿ ಅಳಿಯಂದ್ರೇ. ಬೆಳಿಗ್ಗೆ ಕೊಟ್ಟಿದ್ದು. ಮಗ್ಗದ ಹಿಂದೆ ಇಟ್ಟು ಬಂದವ್ರೆ. ಈಗ ಸಿಕ್ತು.”

“ಮಾತ್ರೆ?”

“ಅದನ್ನ ನಾನೇ ನುಂಗ್ಸಿದೀನಿ. ಎಂಟು ಗಂಟೇಗೆ.”

ಹೋಳಿಗೆಗೆ ಹೊಟ್ಟೆ ಖಾಲಿ ಇಟ್ಟುಕೊಂಡಿದ್ದಾರೆ ಎಂದು ಮೂವರಿಗೂ ಅರ್ಥವಾಯಿತು. ಗೋಡೆಯ ಗಡಿಯಾರದಲ್ಲಿ ಒಂದಕ್ಕೆ ಹತ್ತು ನಿಮಿಷವಿತ್ತು. ಭಾನುವಾರ ಡಾಕ್ಟರು ಊರಲ್ಲಿರುವುದಿಲ್ಲ.

“ಒಂದೇ ಒಂದು ಸಲ ಕರೆದುಬಿಡಿ ಅತ್ತೆ. ಇವಳೂ ಕರೆದಳಲ್ಲ.”

ಅತ್ತೆ ತಟ್ಟೆ ಕೆಳಗಿಟ್ಟರು. “ಮದುವೆಯಾದ ವರ್ಸ. ಪಕ್ಕದ ಮನೆ ಹುಡುಗನ್ಗೂ ಅದೇ ಹೆಸ್ರು. ಕುರಿ ಬಂದು ನೂಲಿಗೆ ಬಾಯಿ ಹಾಕ್ತಿತ್ತು, ಓಡಿಸಲೋ ಅಂತ ಮರೆತು ಹೆಸ್ರು ಹಿಡಿದು ಕೂಗ್ದೆ. ಅದೇ ವಾರ ಇವ್ರು ಜ್ವರ ಬಂದು ಮಲಗಿದ್ರು. ಇಪ್ಪತ್ತೊಂದು ದಿನ. ನಮ್ಮತ್ತೆ ಒಂದು ಮಾತೂ ಅನ್ಲಿಲ್ಲ. ಅಂದಿದ್ರೇ ವಾಸಿ ಇತ್ತು.” ನನ್ನ ಕಡೆ ತಿರುಗಿದರು. “ನಾನು ಕರೆದ್ರೂ ಅವ್ರ ಆಯುಸ್ಸು. ಕರೀದಿದ್ರೂ ಅವ್ರ ಆಯುಸ್ಸು. ಎಂಥಾ ರೂಲು ಬರೆದ್ರಿ ನೀವು?”

ನಾನು ತಟ್ಟೆಯ ರೊಟ್ಟಿಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿದೆ.

“ಹೋಗ್ರಿ, ಆ ರೂಲು ಹೊಡೆದಾಕ್ರಿ. ಈಗ್ಲೇ,” ಎಂದಳು ನನ್ನ ಹೆಂಡತಿ.

“ಅದಕ್ಕೆ ಸಭೆ ಕರೀಬೇಕಾಗುತ್ತೆ,” ಎಂದೆ, ಅಭ್ಯಾಸಬಲದಿಂದ. ಅವಳು ನನ್ನನ್ನು ನೋಡಿದ ನೋಟವನ್ನು ವರ್ಣಿಸಿದರೆ ಶುದ್ಧಪ್ರತಿಯಲ್ಲಿ ಆ ಸಾಲು ಇರುವುದಿಲ್ಲ.

ಶಾಲಿನ ಕೆಳಗೆ ಒಂದು ಬಾಳೆಹಣ್ಣು ಬಚ್ಚಿಟ್ಟುಕೊಂಡು ಜಗಲಿಗೆ ಹೋದೆ. ಮಾವನವರ ಪಕ್ಕ ಕೂತು ಮೆಲ್ಲಗೆ ಅವರ ಕೈಗೆ ತುರುಕಲು ನೋಡಿದೆ.

“ಏನಿದು?” ಎಂದರು, ಎಲ್ಲರಿಗೂ ಕೇಳುವಂತೆ. “ಬಾಳೆಹಣ್ಣಾ? ಕಾರ್ಯದರ್ಶೀನೇ ಅಧ್ಯಕ್ಷನಿಗೆ ಲಂಚ ಕೊಡಾಕೆ ಬಂದವ್ನೆ ನೋಡ್ರಲೇ!”

ಚಪ್ಪರ ಇನ್ನೊಮ್ಮೆ ನಕ್ಕಿತು. ನಾನು ನಗಲಿಲ್ಲ. ಮದುವೆಯಾದಂದಿನಿಂದ ಅವರು ನನ್ನನ್ನು ಒಂದು ಸಲವೂ ಏಕವಚನದಲ್ಲಿ ಅಂದವರಲ್ಲ. ಅದು ನಿಯಮದ ಸಲಿಗೆಯಲ್ಲ, ಮೊನಚಾದ ಬೇರೆ ಯಾವುದೋ ಧ್ವನಿ. ಧನುರ್ಮಾಸದ ತಣ್ಣನೆಯ ಗಾಳಿ ಬೀಸುತ್ತಿತ್ತು. ಪೇಟದ ಅಂಚಿನಲ್ಲಿ, ಹಣೆಯ ಮೇಲೆ, ಸಾಸಿವೆಯಷ್ಟು ದಪ್ಪದ ಬೆವರ ಹನಿಗಳು.

“ಮಾವ, ಮಾತ್ರೆ...” ಎಂದೆ ಕಿವಿಯಲ್ಲಿ.

ಅವರು ನನ್ನ ಮಣಿಕಟ್ಟು ಹಿಡಿದರು. ಕೈ ತಣ್ಣಗಿತ್ತು, ನಡುಗುತ್ತಿತ್ತು. “ಬಾಯಿ ಬಿಟ್ರೆ ನೋಡು ಮತ್ತೆ,” ಎಂದರು.

ನಾನು ಎದ್ದು ನಿಂತು ತುರ್ತು ಸಭೆ ಕರೆದೆ. ಮೂರನೇ ನಿಯಮವನ್ನು ಈ ಕ್ಷಣದಿಂದ ರದ್ದುಪಡಿಸತಕ್ಕದ್ದೆಂದು ಸೂಚಿಸಿದೆ. ಕಾರಣ ಕೇಳಿದರು. ಕಾರಣ ಹೇಳುವಂತಿರಲಿಲ್ಲ.

“ಅದೆಂಗಾಗ್ತೈತಲೇ?” ಎಂದು ಸೈಕಲ್ಲು ಎದ್ದ. “ನನ್ನ ಹೆಂಡ್ತಿ ಕರೆದಾತು. ಈಗ ರೂಲು ತೆಗೆದ್ರೆ ಸಾಯಂಕಾಲ ಮನೆಗೆ ಹೋಗಿ ನಾನು ಅವಳಿಗೆ ಏನ್ ಉತ್ತರ ಕೊಡ್ಲಿ?”

“ನಂಗೆ ಎರಡು ಕಡೆ ಉತ್ತರ ಕೊಡ್ಬೇಕು,” ಎಂದ ಎರಡು ಮನೆ.

“ತಿನು ಮಾವಾ, ತಿನು,” ಎಂದು ರಾಯದುರ್ಗದವನೊಬ್ಬ ತೆಲುಗಿನಲ್ಲಿ ಉಣ್ಣು ಉಣ್ಣು ಎಂದು ಬೇಡಿಕೊಂಡ, ತನ್ನ ಹಸಿವಿನ ಪರವಾಗಿ. ಮಾವ ಎಂದದ್ದು ಎರಡನೇ ನಿಯಮದ ಉಲ್ಲಂಘನೆಯೆಂದು ಇನ್ನೊಬ್ಬ ಆಕ್ಷೇಪಿಸಿದ. ಕೈ ಎತ್ತಿಸಿದೆವು. ನನ್ನ ಸೂಚನೆಯ ಪರವಾಗಿ ಒಂದು ಕೈ, ನನ್ನದೇ.

“ಬಿದ್ದೋಯ್ತು,” ಎಂದರು ಅಧ್ಯಕ್ಷರು. ಎಂದವರು ಕಂಬ ಹಿಡಿದು ಎದ್ದು ನಿಂತರು. “ಅವಳು ಕರೆಯೋಗಂಟ ಹಾಜರಿ ತಗಳಾಣ. ಪುಸ್ತಕ ಕೊಡು.”

ಹಾಜರಿ ಪುಸ್ತಕವನ್ನೂ ನಾನೇ ಬರೆದಿದ್ದೆ. ಬಾಲ ಕೂಡದೆಂಬ ನಿಯಮವಿದ್ದುದರಿಂದ ಮೂವತ್ತೆರಡು ಸಾಲಿನಲ್ಲೂ ಅದೇ ಹೆಸರು, ಒಂದರ ಕೆಳಗೊಂದು. ಮಾವನವರು ಗಂಟಲು ಸರಿಮಾಡಿಕೊಂಡು ಓದಿದರು. ಮೊದಲನೆಯವನು “ಹಾಜರ್” ಎಂದ. ಅದೇ ಹೆಸರು ಮತ್ತೆ ಓದಿದರು. “ಹಾಜರ್.” ಮತ್ತೆ. “ಹಾಜರ್.” ಜನ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು, ಇಂಥ ಗಂಭೀರ ಮುಖದ ಹಾಸ್ಯವನ್ನು ಅವರು ಕಂಡಿರಲಿಲ್ಲ. ನಾನು ಎಣಿಸುತ್ತಿದ್ದೆ. ಇಪ್ಪತ್ತು ದಾಟಿದ ಮೇಲೆ ಹೆಸರಿನ ತುದಿ ನಾಲಿಗೆಗೆ ಅಂಟಿಕೊಳ್ಳತೊಡಗಿತು. ಮೂವತ್ತೆರಡು ಆಯಿತು. ಅವರು ನಿಲ್ಲಿಸಲಿಲ್ಲ.

ಮೂವತ್ತಮೂರನೇ ಸಲ ಕೂಗಿದರು. ಯಾರೋ ತಮಾಷೆಗೆ ಹಾಜರ್ ಎಂದರು. ಮೂವತ್ತನಾಲ್ಕು. ಮೂವತ್ತೈದಕ್ಕೆ ಯಾರೂ ಹಾಜರ್ ಎನ್ನಲಿಲ್ಲ. ಪುಸ್ತಕ ಅವರ ಕೈಯಿಂದ ಜಾರಿ ಬಿದ್ದಿತ್ತು. ಅವರು ಬಾಗಿಲ ಕಡೆ ನೋಡುತ್ತ ತಮ್ಮ ಹೆಸರನ್ನು ತಾವೇ ಕೂಗುತ್ತಿದ್ದರು. ನಗು ಒಂದು ಮೂಲೆಯಿಂದ ಆರುತ್ತ ಬಂತು. ನಾನು ಜಗಲಿ ಹತ್ತಿ ಅವರ ತೋಳು ಹಿಡಿದೆ. ಕೊಸರಾಡಿದರು. ಆ ತೆಳ್ಳನೆಯ ಮೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

ಆಗ ಅತ್ತೆ ಹೊಸ್ತಿಲು ದಾಟಿದರು.

ಪರಪುರುಷರ ಸಭೆಗೆ ಸೆರಗು ಹೊದೆಯದೆ ಬಂದವರಲ್ಲ ಅವರು. ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಕೈಯಲ್ಲಿ ಬೆಲ್ಲದ ಪಾನಕದ ದೊಡ್ಡ ಲೋಟ. ಎಲೆಗಳ ನಡುವೆ, ಮೂವತ್ತು ಗಂಡಸರ ಮಧ್ಯೆ ನೇರ ನಡೆದುಬಂದು, ಜಗಲಿಯ ಮೆಟ್ಟಿಲು ಹತ್ತಿ, ಎಡಗೈಯಲ್ಲಿ ಗಂಡನ ದವಡೆ ಹಿಡಿದರು.

“ಲೇ! ಬಾಯಿ ತೆಗಿಯಲೇ!”

ನಾನು ಹಿಡಿದಿದ್ದ ತೋಳು ಒಮ್ಮೆಲೇ ಸಡಿಲವಾಯಿತು. ಮಾವನವರು ಬಾಯಿ ತೆರೆದರು.

“ಕುಡಿ. ಇನ್ನೂ. ನುಂಗಲೇ, ಹೊರಾಗೆ ಬಿಡ್ಬೇಡ!”

ಲೋಟ ಖಾಲಿಯಾಯಿತು. ನನ್ನ ಹೆಂಡತಿ ಇನ್ನೊಂದು ತಂದಳು. ಅದೂ ಖಾಲಿಯಾಯಿತು. ಪೇಟ ಬಿಚ್ಚಿ, ಜಗಲಿಯ ಮೇಲೆ ಒರಗಿಸಿ ಕೂರಿಸಿದೆವು. ಹದಿನೈದು ನಿಮಿಷ ಕಳೆಯಿತು. ಬಿಡಿಸಿದ ಎಲೆಗಳು ಗಾಳಿಗೆ ಪಟಪಟ ಎನ್ನುತ್ತಿದ್ದವು. ಅತ್ತೆ ಅವರ ಅಂಗೈಯನ್ನು ತಮ್ಮ ಎರಡೂ ಕೈಯಲ್ಲಿಟ್ಟುಕೊಂಡು ಉಜ್ಜುತ್ತಲೇ ಇದ್ದರು, ಯಾರ ಮುಖವನ್ನೂ ನೋಡದೆ. ಬೆವರು ಮೊದಲು ಹಣೆಯ ಮೇಲೆ ಆರಿತು. ಆಮೇಲೆ ತುಟಿಗೆ ಬಣ್ಣ ಬಂತು. ಕೊನೆಗೆ ಅವರ ಕಣ್ಣಿಗೆ ನಾವು ಕಂಡೆವು.

“ಅಳಿಯಂದ್ರೇ,” ಎಂದರು. ನಾನು ಮತ್ತೆ ಬಹುವಚನಕ್ಕೆ ಬಂದಿದ್ದೆ. ಅಷ್ಟು ಸಮಾಧಾನ ನನಗೆ ಯಾವ ಬಡ್ತಿಯಿಂದಲೂ ಆಗಿಲ್ಲ. “ಅಳಿಯಂದ್ರೇ, ಈಗ ಯಾರೋ ನನ್ನ ಲೇ ಅಂದಂಗಾತಲ್ಲ?”

“ಯಾರೂ ಅನ್ಲಿಲ್ಲ,” ಎಂದರು ಅತ್ತೆ. ಕೈ ಬಿಟ್ಟು, ಸೆರಗು ಎಳೆದು ತಲೆಯ ಮೇಲೆ ಹೊದ್ದುಕೊಂಡರು. “ಏಳ್ರಿ, ಉಣ್ಣಾಕೆ ಬರ್ರಿ.”

ಊಟವಾಯಿತು. ಕಾಯಿಲೆಯ ಗುಟ್ಟು ಮೂವತ್ತು ಜನಕ್ಕೆ ಗೊತ್ತಾಗಿಹೋಗಿತ್ತು. ಗಾಣ ಎದ್ದು ತನಗೂ ಅದೇ ಇದೆ, ಆರು ವರ್ಷದಿಂದ, ಎಂದ. ಮತ್ತಿಬ್ಬರು ಕೈ ಎತ್ತಿದರು. ಅಷ್ಟು ಕೈಗಳು ನನ್ನ ಸೂಚನೆಗೆ ಎದ್ದಿದ್ದರೆ ಸಾಕಿತ್ತು.

ಎಲೆ ಎತ್ತಿದ ಮೇಲೆ ನಡಾವಳಿ ಬರೆಯಲು ಕೂತೆ. ಮೂರನೇ ನಿಯಮ ಪಾಲನೆಯಾಯಿತೇ ಇಲ್ಲವೇ ಎಂಬ ಪ್ರಶ್ನೆ ಎದ್ದಿತು. ಲೇ ಎನ್ನುವುದು ಹೆಸರಲ್ಲ ಎಂದು ಸೈಕಲ್ಲು ವಾದಿಸಿದ. ಮೀಸೆ ಅವನನ್ನು ಸುಮ್ಮನಿರಿಸಿದ. ಎಲ್ಲರೂ ಅಧ್ಯಕ್ಷರ ಕಡೆ ನೋಡಿದರು. ಮಾವನವರು ಅಡಿಕೆಪುಡಿ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು.

“ನಮ್ಮವ್ವ ನನ್ನನ್ನ ಹಂಗೇ ಕರೀತಿದ್ಲು,” ಎಂದರು. “ಹೆಸ್ರು ಹಿಡಿದು ಅವಳೂ ಕರೆದೋಳಲ್ಲ ಬಿಡು, ಈಗ ನೆನಪಾತು. ಕರೆದ್ಲು ಅಂತ ಬರ್ಕಳ್ರಿ.”

ಬರೆದೆ. ಅಷ್ಟರಲ್ಲಿ ಚಿಲಕದ ಸದ್ದಾಯಿತು. ಅತ್ತೆ ನನ್ನನ್ನು ಒಳಗೆ ಕರೆಸಿ, ಬರೆದದ್ದನ್ನು ಓದಿಸಿ ಕೇಳಿದರು. ಕೇಳಿ, ಮೂರನೇ ನಿಯಮ ಯಾವ ಹಾಳೆಯಲ್ಲಿದೆ ಎಂದು ಕೇಳಿದರು. ತೋರಿಸಿದೆ. ಓದು ಬಾರದ ಅವರು ಆ ಸಾಲುಗಳ ಮೇಲೆ ಬೆರಳಿಟ್ಟು ಹಿಡಿದುಕೊಂಡರು, ಅದು ಎಲ್ಲಿಗಾದರೂ ಓಡಿಹೋದೀತು ಎಂಬಂತೆ. “ಇದರ ಮ್ಯಾಲೆ ಗೆರೆ ಎಳೀರಿ. ನನ್ನೆದ್ರಿಗೆ.” ಕಿವಿಯ ಮೇಲಿನ ಪೆನ್ನು ತೆಗೆದು, ಸಭೆ ಕರೆಯದೆ, ಸೂಚನೆಯಿಲ್ಲದೆ, ಅನುಮೋದನೆಯಿಲ್ಲದೆ ಎಳೆದೆ. ನನ್ನ ಗುಮಾಸ್ತಿಕೆಯಲ್ಲಿ ಅಂಥ ಅಕ್ರಮ ಅದೊಂದೇ.

ಹೆಸರುಗಾರರ ದಿನ ಆಮೇಲೂ ಎಷ್ಟೋ ವರ್ಷ ಮಾವನವರ ಮನೆಯಲ್ಲೇ ನಡೆಯಿತು, ಎರಡು ನಿಯಮಗಳ ಮೇಲೆ. ಮಾವನವರು ಮಾತ್ರ ಎಲೆ ಹಾಕಿದ ಮೇಲೂ ಒಂದೆರಡು ನಿಮಿಷ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಬಾಗಿಲ ಕಡೆ ಕಿವಿಯಿಟ್ಟು ಕೂತಿರುತ್ತಿದ್ದರು. ಒಳಗೆ ಅತ್ತೆ ಅವಸರ ಮಾಡುತ್ತಿರಲಿಲ್ಲ. ಆ ಒಂದು ದಿನದ ಮಾತ್ರೆ ಬೆಳಿಗ್ಗೆಯಿಂದ ಅವರ ಸೆರಗಿನ ತುದಿಯ ಗಂಟಿನಲ್ಲೇ ಇರುತ್ತಿತ್ತು. ಗಂಡ ಎಲೆಯ ಮುಂದೆ ಕೂತು ಮೊದಲ ತುತ್ತು ಕೈಗೆತ್ತಿಕೊಂಡದ್ದನ್ನು ಬಾಗಿಲ ಸಂದಿಯಿಂದ ಕಣ್ಣಾರೆ ಕಂಡ ಮೇಲೆಯೇ ಆ ಗಂಟು ಬಿಚ್ಚುತ್ತಿದ್ದರು.